ಗಾಜಿನ ಕಿಟಕಿಯಲ್ಲಿ ದಿಂಬಣ್ಣನ ನಿದ್ದೆ

ಎಲ್ಲದಕ್ಕೂ ಕಾರಣ ಒಂದು ಹಾಸಿಗೆಯನ್ನು ಮಗುಚಿ ಹಾಕಿದ್ದು.

ಹಾಸಿಗೆ ಎಂದರೆ ನೀವು ನಾವು ಮಲಗುವಂಥದ್ದಲ್ಲ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ, 'ಮೇಘರಾಜ' ಎಂಬ ಹೆಸರಿನ, ಒಂದು ಮೊಳ ದಪ್ಪದ ಹಾಸಿಗೆ. ತೂಕದಲ್ಲಿ ಅದು ಮರಿ ಆನೆಗಿಂತ ಅರ್ಧ ಕೇಜಿ ಮಾತ್ರ ಕಡಿಮೆ. ನಂಬಿಕೆ ಬಾರದವರು ಆನೆ ತಂದು ತೂಗಿ ನೋಡಬಹುದು. ಅದನ್ನು ಮಗುಚಲು ಇಬ್ಬರು ಬೇಕೆಂದು ಮೂಲೆಯ ಚೀಟಿಯಲ್ಲೇ ಅಚ್ಚು ಹಾಕಿದ್ದರು. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಯಜಮಾನರು, "ನಾಳೆ ಹನ್ನೊಂದಕ್ಕೆ ಹೋಟೆಲ್ ಸಾಹುಕಾರರು ಬರ್ತಾರೆ. ಮೇಘರಾಜನ ಈ ಮಗ್ಗುಲು ಬಿಸಿಲಿಗೆ ಮಾಸಿದೆ. ಯಾರಾದ್ರೂ ಇಬ್ರು ಸೇರಿ ಮಗುಚಿ ಹಾಕಿ," ಎಂದರು.

"ಇಬ್ರು ಯಾಕೆ ಸಾರ್? ನಾನೊಬ್ಬ ಇಲ್ವಾ?" ಎಂದ ದಿಂಬಣ್ಣ.

ದಿಂಬಣ್ಣ ಆ ಅಂಗಡಿಯ ಹಿರಿಯ ಮಾರಾಟಗಾರ. ಹನ್ನೆರಡು ವರ್ಷದ ಹಿಂದೆ ದಿಂಬಿನ ವಿಭಾಗಕ್ಕೆ ಸೇರಿದವನಿಗೆ ಆಗ ಅಂಟಿಕೊಂಡ ಹೆಸರು. ಅವನ ಹೆಂಡತಿಗೂ ಅವನ ನಿಜವಾದ ಹೆಸರು ನೆನಪಾಗಲು ಎರಡು ನಿಮಿಷ ಬೇಕಾಗುತ್ತದೆ. ಅವನು ಅಂಗಿಯ ತೋಳು ಮಡಿಚಿದ, ಉಸಿರು ಬಿಗಿಹಿಡಿದ, ಎತ್ತಿದ. ಮೇಘರಾಜ ಮಗುಚಿತು. ಅದರ ಜೊತೆಗೆ ದಿಂಬಣ್ಣನ ಬೆನ್ನೊಳಗೂ ಏನೋ ಒಂದು 'ಕಟಕ್' ಎಂದು ಮಗುಚಿಕೊಂಡಿತು. ಆ ಸದ್ದಿಗೆ ಎದುರು ರಸ್ತೆಯ ನಾಯಿ ಎದ್ದು ಬೊಗಳಿತು. ಇಷ್ಟಾದರೂ ಯಜಮಾನರು "ಭಲೇ!" ಎಂದಾಗ ಅವನು ನಕ್ಕ. ಆ ನಗೆ ಹೇಗಿತ್ತೆಂದರೆ, ಹಲ್ಲು ಕೀಳಿಸಿಕೊಳ್ಳುವವನ ಮುಖವನ್ನು ನೀವು ನೋಡಿದ್ದರೆ ನಾನು ಬೇರೆ ವಿವರಿಸಬೇಕಾಗಿಲ್ಲ.

ಮನೆ ಸೇರುತ್ತಿದ್ದಂತೆಯೇ ಹೆಂಡತಿ ಅವನನ್ನು ಡಾಕ್ಟರ ಬಳಿ ಎಳೆದೊಯ್ದಳು. ಡಾಕ್ಟರು ಬೆನ್ನು ಒತ್ತಿ ನೋಡಿ, ಸ್ನಾಯು ಸೆಟೆದುಕೊಂಡಿದೆ ಎಂದು ಹೇಳಿ, ಸ್ನಾಯು ಸಡಿಲಿಸುವ ಐದು ಗುಲಾಬಿ ಮಾತ್ರೆ ಬರೆದುಕೊಟ್ಟರು. ಅವರು ಹೇಳಿದ್ದನ್ನೆಲ್ಲ ದಿಂಬಣ್ಣ ಬಾಗಿಲು ದಾಟುವಷ್ಟರಲ್ಲಿ ಮರೆತ. ಹೆಂಡತಿ ಮಾತ್ರ ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತಿದ್ದಳು.

"ರಾತ್ರಿ ಊಟ ಆದ್ಮೇಲೆ ಒಂದು. ಒಂದೇ ಒಂದು. ಹಗಲು ಬೇಡ, ತೂಕಡಿಕೆ ಬರುತ್ತೆ. ಗಾಡಿ ಓಡಿಸೋ ಹಾಗಿಲ್ಲ. ಕುಡಿಯೋ ಹಾಗಿಲ್ಲ. ನಿದ್ದೆ ಬರಿಸೋ ಬೇರೆ ಯಾವ ಔಷಧಿನೂ ಜೊತೆಗೆ ತಗೊಳ್ಳೋ ಹಾಗಿಲ್ಲ. ಇನ್ನೊಬ್ಬರ ಮಾತ್ರೆ ಅಂತೂ ಮುಟ್ಟೋ ಹಾಗೇ ಇಲ್ಲ. ಶಾಖ ಕೊಟ್ಕೊಂಡು ಎರಡು ದಿನ ಭಾರ ಎತ್ತದೆ ಇರಬೇಕು. ಕೇಳಿಸ್ತೇನ್ರೀ?"

"ಕೇಳಿಸ್ತು ಕಣೇ. ಪಕ್ಕದ ಬೀದಿಗೂ ಕೇಳಿಸ್ತು."

ಒಂದು ಮಾತ್ರೆ ನುಂಗಿ ಮಲಗಿದ. ಬೆಳಿಗ್ಗೆ ಎದ್ದ. ಎದ್ದ ಎಂದು ಬಾಯಿಮಾತಿಗೆ ಹೇಳಬೇಕಷ್ಟೆ. ಸೊಂಟದಿಂದ ಕೆಳಗೆ ಮಾತ್ರ ಎದ್ದ. ಮೇಲಿನ ಅರ್ಧ ಮೇಜಿನ ಹಲಗೆಯಂತೆ ನೆಲಕ್ಕೆ ಸಮನಾಗಿ ನಿಂತುಬಿಟ್ಟಿತ್ತು. ಬೇಕಾಗಿದ್ದರೆ ಅದರ ಮೇಲೆ ನಾಲ್ಕು ಜನ ಕೂತು ಊಟ ಮಾಡಬಹುದಿತ್ತು.

"ಇವತ್ತು ರಜಾ ಹಾಕಿ," ಎಂದಳು ಹೆಂಡತಿ.

"ಯಾವತ್ತು ಬೇಕಾದ್ರೂ ಹಾಕ್ತೀನಿ, ಇವತ್ತು ಆಗಲ್ಲ." ಅವನು ನೆಲಕ್ಕೇ ಹೇಳಿದ, ಕಣ್ಣಿಗೆ ಕಾಣುತ್ತಿದ್ದುದು ಅದೊಂದೇ. ಹೋಟೆಲ್ ಸಾಹುಕಾರರು ಮುನ್ನೂರು ಮೇಘರಾಜ ಕೊಂಡರೆ ಹೊಸ ಶಾಖೆಗೆ ದಿಂಬಣ್ಣನೇ ಮ್ಯಾನೇಜರ್. ಯಜಮಾನರು ನಾಲ್ಕು ಜನರ ಮುಂದೆ ಹೇಳಿದ್ದ ಮಾತು. ಕೊಳ್ಳದಿದ್ದರೆ? ಅದನ್ನೂ ನಾಲ್ಕು ಜನರ ಮುಂದೆಯೇ ಹೇಳಿದ್ದರು: "ಹೊಸ ಮುಖ ನೋಡ್ಕೋತೀನಿ." ಅದಲ್ಲದೆ ಅಂಗಡಿಯ ಬೋರ್ಡಿನ ಮೇಲೆ ಒಂದೊಂದು ಅಕ್ಷರ ಒಂದೊಂದು ಬಾಗಿಲಿನಷ್ಟು ಎತ್ತರ ಬರೆಸಿದ್ದರು: 'ನಮ್ಮ ಹಾಸಿಗೆ ಇರುವಲ್ಲಿ ಬೆನ್ನುನೋವು ಇರದು.' ಅಂಥ ಬೋರ್ಡಿನ ಕೆಳಗೆ ಮಾರಾಟಗಾರನೇ ಬಿಲ್ಲಿನಂತೆ ಬಾಗಿ ನಿಂತರೆ ಹಾಸಿಗೆಯನ್ನು ಯಾರು ಕೊಳ್ಳುತ್ತಾರೆ?

ಹೆಂಡತಿ ನೀರು ಕಾಯಿಸಲು ಹೋದ ಸಂದು ನೋಡಿ ಇನ್ನೊಂದು ಗುಲಾಬಿ ಮಾತ್ರೆ ನುಂಗಿದ. ರಾತ್ರಿ ತಗೊಳ್ಳಬೇಕಾದ್ದನ್ನು ಮುಂಗಡವಾಗಿ ತಗೊಂಡರೆ ಏನು ತಪ್ಪು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೆಟ್ಟಿಲಲ್ಲಿ ಡಬ್ಬಿ ತಾತ ಸಿಕ್ಕಿದ. ಮೇಲ್ಮನೆಯ ಈ ಮುದುಕನ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಆ ಕಟ್ಟಡದ ಹದಿನಾರು ಮನೆಯವರು ಕಾಯಿಲೆ ವಾಸಿಯಾಗಿ ಬಿಟ್ಟ ಮಾತ್ರೆ, ಸತ್ತು ಬಿಟ್ಟ ಮಾತ್ರೆ, ಬಾಡಿಗೆ ಮನೆ ಬಿಡುವಾಗ ಬಿಟ್ಟು ಹೋದ ಮಾತ್ರೆ ಎಲ್ಲ ಇದ್ದವು. ಯಾರು ಕೆಮ್ಮಿದರೂ ತಾತ ಡಬ್ಬಿ ಸಮೇತ ಹಾಜರು.

"ಬೆನ್ನೇನೋ ಮಗಾ?"

"ಹೂಂ ತಾತ. ಡಾಕ್ಟ್ರು ಗುಲಾಬಿ ಮಾತ್ರೆ ಕೊಟ್ಟಿದ್ದಾರೆ."

"ಗುಲಾಬಿನಾ?" ತಾತ ಮಗುವಿನ ಆಟಿಕೆ ಕಂಡವನಂತೆ ನಕ್ಕ. "ಅದು ಹುಡುಗ್ರು ಬೆನ್ನಿಗೆ ಕಣೋ. ಇದು ನೋಡು, ಹಳದಿ! ನನ್ನ ತಂಗಿ ಗಂಡ ಮೂರು ತಿಂಗಳು ಹಾಸಿಗೆ ಹಿಡಿದಿದ್ದ. ಇದನ್ನ ನುಂಗಿದ, ಸಂಜೆಗೆ ಗೋಡೆ ಹಾರಿದ."

"ಗೋಡೆ ಯಾಕೆ ಹಾರಿದ?"

"ಅದು ಬೇರೆ ಕತೆ. ನೀನು ಎರಡು ನುಂಗು."

ಡಾಕ್ಟರು ಹೇಳಿದ್ದು ದಿಂಬಣ್ಣನಿಗೆ ಮಸುಕಾಗಿ ನೆನಪಾಯಿತು. ಆದರೆ ಬೆನ್ನು ಆ ಗಳಿಗೆಗೇ ಸರಿಯಾಗಿ ಒಮ್ಮೆ ಚುಳುಕ್ಕೆಂದಿತು. ಹಳದಿ ಮಾತ್ರೆ ಎರಡೂ ಒಳಗೆ ಹೋದವು.

ಒಂದು ಮಾತಿನಲ್ಲಿ ಮಾತ್ರ ಅವನು ಹೆಂಡತಿಗೆ ವಿಧೇಯನಾಗಿದ್ದ: ಸ್ಕೂಟರ್ ಮುಟ್ಟಲಿಲ್ಲ. ಬಸ್ಸಿಗೆ ಹೋದ. ಕೂರಲು ಬರದೆ, ನಡುವೆ ಕಂಬ ಹಿಡಿದು, ಮುಖ ನೆಲಕ್ಕೆ ಮಾಡಿ ನಿಂತ.

"ಏನ್ ಕಳ್ಕೊಂಡ್ರಿ?" ಎಂದು ಪಕ್ಕದ ಸೀಟಿನವರು ಕೇಳಿದರು.

"ಏನಿಲ್ಲ."

"ಸಂಕೋಚ ಯಾಕ್ರೀ? ಉಂಗುರಾನಾ?" ಅವರೂ ಬಗ್ಗಿ ಹುಡುಕತೊಡಗಿದರು. ಅವರನ್ನು ನೋಡಿ ಹಿಂದಿನವರು ಬಗ್ಗಿದರು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಬಸ್ಸಿನಲ್ಲಿದ್ದ ಐವತ್ತಮೂರು ಜನವೂ ಸೀಟಿನ ಅಡಿಗೆ ತಲೆ ಹಾಕಿದ್ದರು. ಬಸ್ಸು ನಿಲ್ಲಿಸಿ ಇಳಿದು ಬಂದ ಡ್ರೈವರಿಗೆ ಏಳು ವರ್ಷದ ಹಿಂದೆ ಕಳೆದಿದ್ದ ತನ್ನ ಟಿಫಿನ್ ಡಬ್ಬಿಯ ಮುಚ್ಚಳ ಸಿಕ್ಕಿತು. ಅವನು ದಿಂಬಣ್ಣನ ಕೈ ಹಿಡಿದು ಕಣ್ಣೀರು ಹಾಕಿದ. ಇದನ್ನೆಲ್ಲ ನಾನು ಕಣ್ಣಾರೆ ಕಂಡವನು. ಸೀಟಿನ ಅಡಿ ನನ್ನ ತಲೆಯೂ ಇತ್ತು.

ಅಂಗಡಿ ಬಾಗಿಲಲ್ಲೇ ಯಜಮಾನರು ಎದುರಾದರು. ದಿಂಬಣ್ಣ ಸೊಂಟ ಬಾಗಿಸಿಕೊಂಡೇ ಒಳಗೆ ಬಂದ.

"ಇದೇನೋ ಇದು?"

ಸುಳ್ಳು ತಾನಾಗಿ ಬಾಯಿಗೆ ಬಂತು. "ನಮಸ್ಕಾರ ಸಾರ್. ಇಂಥ ದೊಡ್ಡ ದಿನ, ತಮಗೆ ತಲೆ ಬಾಗದೆ ಒಳಗೆ ಹೇಗೆ ಬರೋದು?"

ಯಜಮಾನರು ಕೈ ಎತ್ತಿ ಆಶೀರ್ವದಿಸಿದರು. ಅವರ ಸ್ವಂತ ಮಕ್ಕಳೂ ಅವರಿಗೆ ಇಷ್ಟು ಬಾಗಿದವರಲ್ಲ. "ಸಾಕು, ಏಳೋ," ಎಂದರು. ದಿಂಬಣ್ಣ ಏಳಲಿಲ್ಲ. "ಏಳಪ್ಪಾ, ಅರ್ಥ ಆಯ್ತು." ಇಲ್ಲ. "ಎಂಥ ಭಕ್ತಿ!" ಎಂದು ಯಜಮಾನರು ಕಣ್ಣೊರೆಸಿಕೊಂಡು, ಉಳಿದ ಕೆಲಸಗಾರರತ್ತ ತಿರುಗಿ, "ನೋಡಿ ಕಲೀರಿ!" ಎಂದು ಗದರಿದರು. ಕಲಿತ ಇಬ್ಬರು ಮಧ್ಯಾಹ್ನದವರೆಗೂ ಬಾಗಿಕೊಂಡೇ ಓಡಾಡಿದರು.

ಕ್ಯಾಶಿಯರಮ್ಮನನ್ನು ಮಾತ್ರ ಮೋಸಗೊಳಿಸಲು ಆಗಲಿಲ್ಲ. ಮೂವತ್ತು ವರ್ಷ ಖೋಟಾ ನೋಟು ಹಿಡಿದ ಕಣ್ಣು ಅದು.

"ಬೆನ್ನಲ್ವಾ?" ಎಂದು ಪಿಸುಗುಟ್ಟಿದರು.

"ಶ್! ಮಾತ್ರೆ ತಗೊಂಡಿದ್ದೀನಿ ಅಕ್ಕಾ. ಇನ್ನೇನು ಬಿಡುತ್ತೆ..." ಅಷ್ಟರಲ್ಲಿ ದಿಂಬಣ್ಣನಿಗೆ ಒಂದು ಸೀನು ಬಂತು. ಬೆನ್ನು ಹಿಡಿದವನಿಗೆ ಸೀನು ಎಂದರೇನು ಎಂಬುದು ಬೆನ್ನು ಹಿಡಿದವನಿಗೇ ಗೊತ್ತು. ಅವನು ಮೌನವಾಗಿ ಅತ್ತ.

"ಅಯ್ಯೋ ಪಾಪ, ಇನ್ನೆರಡು ಸೀನಿದ್ರೆ ಎರಡು ತುಂಡಾಗ್ತೀಯಾ. ತಗೋ, ಶೀತದ ಮಾತ್ರೆ. ನಾನು ತಿಂದ ದಿನ ಹಾಯಾಗಿ ನಿದ್ದೆ ಹೊಡೀತೀನಿ, ಒಂದು ಸೀನು ಬರಲ್ಲ."

ನಿದ್ದೆ ಎಂಬ ಶಬ್ದ ಕಿವಿಯವರೆಗೆ ಬಂದು, ಒಳಗೆ ಹೋಗಲು ದಾರಿ ಸಿಗದೆ ವಾಪಸು ಹೋಯಿತು. ಶೀತದ ಮಾತ್ರೆಯೂ ಹೊಟ್ಟೆ ಸೇರಿತು.

ಹತ್ತೂವರೆಗೆ ಪವಾಡ ನಡೆಯಿತು. ದಿಂಬಣ್ಣನ ಬೆನ್ನು ಬಾಗಿಲ ಚಿಲಕ ಸರಿದಂತೆ ಬಿಟ್ಟುಕೊಂಡಿತು. ಅವನು ನೆಟ್ಟಗೆ ನಿಂತ. ಆಕಾಶ ಕಂಡಿತು, ಅಂಗಡಿಯ ಫ್ಯಾನು ಕಂಡಿತು, ಆನಂದವಾಯಿತು. ಆದರೆ ಬಿಟ್ಟುಕೊಳ್ಳುವುದು ಬೆನ್ನಿಗೇ ನಿಲ್ಲಲಿಲ್ಲ. ಮೊಣಕಾಲು ಬಿಟ್ಟುಕೊಂಡಿತು. ನಾಲಿಗೆ ಬಿಟ್ಟುಕೊಂಡಿತು. ಒಬ್ಬ ಗಿರಾಕಿ ಹಾಸಿಗೆಯ ಬೆಲೆ ಕೇಳಿದರೆ, "ಹಾಆಆ..." ಎಂದು ಶುರುಮಾಡಿ 'ಸಿಗೆ'ಗೆ ಬರುವಷ್ಟರಲ್ಲಿ ಆ ಗಿರಾಕಿ ಬೇರೆ ಅಂಗಡಿಯಲ್ಲಿ ಹಾಸಿಗೆ ಕೊಂಡು ಮನೆಗೆ ಸಾಗಿಸಿಯಾಗಿತ್ತು. ದಿಂಬಣ್ಣ ಒದ್ದೆ ಟವೆಲಿನಂತೆ ಗೋಡೆಯುದ್ದಕ್ಕೂ ಜಾರುತ್ತಾ, ಮೇಘರಾಜನ ಹೊದಿಕೆ ಸರಿ ಮಾಡೋಣವೆಂದು ಗಾಜಿನ ಕಿಟಕಿಯೊಳಕ್ಕೆ ಹೋದ. ಹೊದಿಕೆಯ ಮೇಲೆ ಒಂದು ಕೈ ಇಟ್ಟ. ಕೈಯ ಹಿಂದೆ ತೋಳು ಹೋಯಿತು. ತೋಳಿನ ಹಿಂದೆ ಅವನೂ ಹೋದ.

ಮುಂದಿನದನ್ನು ಅವನು ನೋಡಲಿಲ್ಲ. ಊರೆಲ್ಲ ನೋಡಿತು.

ಕಿಟಕಿಯ ಎದುರಿಗೇ ಅವತ್ತು ರಸ್ತೆ ಅಗೆಯುತ್ತಿದ್ದರು. ಕೊರೆಯುವ ಯಂತ್ರದ ಸದ್ದಿಗೆ ಅಕ್ಕಪಕ್ಕದ ಅಂಗಡಿಗಳ ಗಡಿಯಾರಗಳು ಅರ್ಧ ಗಂಟೆ ಮುಂದೆ ಓಡಿದ್ದವು. ಅಂಥ ಗದ್ದಲದಲ್ಲಿ, ಬಿಸಿಲು ಮುಖಕ್ಕೆ ಹೊಡೆಯುತ್ತಿರುವಾಗ, ಗಾಜಿನ ಹಿಂದೆ ಒಬ್ಬ ಮನುಷ್ಯ ಬಾಯಿ ತೆರೆದು, ಬೂಟು ಸಮೇತ, ಹಸುಗೂಸಿನಂತೆ ಮಲಗಿದ್ದ. ಮೊದಲು ನಾಲ್ವರು ನಿಂತರು. ಆಮೇಲೆ ನಲವತ್ತು. ಆಮೇಲೆ ಅಗೆಯುವವರೂ ಯಂತ್ರ ನಿಲ್ಲಿಸಿ ಬಂದು ನಿಂತರು. ಒಬ್ಬ ಗಾಜು ಬಡಿದ. ದಿಂಬಣ್ಣ ಮಿಸುಕಲಿಲ್ಲ. ಮದುವೆ ಬ್ಯಾಂಡಿನವನೊಬ್ಬ ಗಾಜಿಗೆ ಕಹಳೆ ಹಚ್ಚಿ ಊದಿದ. ದಿಂಬಣ್ಣ ಮಗ್ಗುಲು ಬದಲಿಸಿದ.

"ಏನ್ ಹಾಸಿಗೆ ರೀ ಅದು!" ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು.

ಅವನನ್ನು ಒದ್ದು ಎಬ್ಬಿಸಬೇಕೆಂದು ಹೊರಟಿದ್ದ ಯಜಮಾನರು ಆ ಮಾತು ಕೇಳಿ ಕಾಲು ಹಿಂತೆಗೆದರು. ಅಷ್ಟರಲ್ಲಿ ಹೋಟೆಲ್ ಸಾಹುಕಾರರ ಕಾರು ಬಂತು. ಸಾಹುಕಾರರು ಕಾಲು ಗಂಟೆ ಬಾಯಿ ಬಿಟ್ಟುಕೊಂಡು ಗಾಜಿನೆದುರು ನಿಂತರು.

"ನಿಮ್ಮ ಕೆಲಸದವನಾ?"

"ನಮ್ಮ ಹುಡುಗನೇ ಸಾರ್. ಬಲು ಗಟ್ಟಿಗ. ನಿನ್ನೆ ಆ ಹಾಸಿಗೆನ ಒಬ್ಬನೇ ಮಗುಚಿ ಹಾಕ್ದ. ಮಲಗಿದ್ರೆ ಮಾತ್ರ ಹೀಗೆ. ಎಲ್ಲಾ ಮೇಘರಾಜನ ಮಹಿಮೆ."

"ಮುನ್ನೂರು ಕಳಿಸ್ಬಿಡಿ," ಎಂದರು ಸಾಹುಕಾರರು. "ಒಂದತ್ತು ನಿಮಿಷ ನಾನೂ ಮಲಗಿ ನೋಡ್ತೀನಿ, ಆಮೇಲೆ ಸಹಿ."

ಇತ್ತ ಮನೆಯಲ್ಲಿ ಹೆಂಡತಿ ಮಾತ್ರೆ ಪಟ್ಟಿ ನೋಡಿದಳು. ಒಂದು ಹೋಗಿರಬೇಕಾದಲ್ಲಿ ಎರಡು ಹೋಗಿತ್ತು. ಅದೇ ಹೊತ್ತಿಗೆ ಡಬ್ಬಿ ತಾತ ಮೆಟ್ಟಿಲಲ್ಲಿ ನಿಂತು, ತಾನು ಕೊಟ್ಟ ಎರಡು ಹಳದಿ ಮಾತ್ರೆಯ ಪ್ರತಾಪವನ್ನು ಹಾಲಿನವನಿಗೆ ವರ್ಣಿಸುತ್ತಿದ್ದ. ಹೆಂಡತಿ ಅವನ ಡಬ್ಬಿಯನ್ನೇ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡಿದಳು.

ಔಷಧಿ ಅಂಗಡಿಯಾಕೆ ಎರಡೂ ಪಟ್ಟಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ ಹಣೆ ಚಚ್ಚಿಕೊಂಡಳು. "ಅಕ್ಕಾ, ಅಂಗಿ ಬೇರೆ, ಒಳಗಿರೋ ಆಸಾಮಿ ಒಬ್ನೇ! ಕಂಪನಿ ಎರಡು, ಹೆಸರು ಎರಡು, ಔಷಧಿ ಒಂದೇ. ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ತಿನ್ನೋ ಕಡೆ ನಾಲ್ಕು ತಿಂದವ್ರೆ. ನಡೀರಿ, ಮೊದಲು ಅವರು ನೆಟ್ಟಗೆ ಉಸಿರಾಡ್ತಿದ್ದಾರಾ ನೋಡೋಣ!"

ಇಬ್ಬರೂ ಗುಂಪನ್ನು ಸೀಳಿಕೊಂಡು ಅಂಗಡಿಗೆ ನುಗ್ಗಿದರು. ಹೆಂಡತಿ ಭುಜ ಹಿಡಿದು ಅಲುಗಾಡಿಸಿದಳು. ದಿಂಬಣ್ಣ ಕಣ್ಣು ಬಿಡದೆಯೇ, "ಇದ್ರಲ್ಲೇ... ನೀಲಿ ಬಣ್ಣ... ತೋರಿಸ್ಲಾ ಮೇಡಂ?" ಎಂದು ಮತ್ತೆ ಮುಳುಗಿದ. ಕ್ಯಾಶಿಯರಮ್ಮ ಬೆವರಿ ಶೀತದ ಮಾತ್ರೆಯ ವಿಷಯ ಬಾಯಿಬಿಟ್ಟರು. ಔಷಧಿ ಅಂಗಡಿಯಾಕೆ ಅವರನ್ನು ನೋಡಿದ ನೋಟದಿಂದ ಕಲ್ಲೂ ಸೀನುತ್ತಿತ್ತು.

ಆಂಬುಲೆನ್ಸ್ ಬಂತು. ಬೆನ್ನು ಹಿಡಿದವನನ್ನು ಎತ್ತುವುದು ಬೇಡವೆಂದು ಮೇಘರಾಜನ ಸಮೇತ ಎಂಟು ಜನ ಹೊತ್ತರು. ಬೆಲೆ ಚೀಟಿ ದಿಂಬಣ್ಣನ ಕಿವಿಯ ಪಕ್ಕ ನೇತಾಡುತ್ತಿತ್ತು. ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು, "ನಮ್ಮನೆಗೂ ಒಂದು ಕಳಿಸಿ. ಆದ್ರೆ ಮನುಷ್ಯ ಬೇಡ, ನಮ್ಮನೇಲಿ ಆಗಲೇ ಒಬ್ಬ ಮಲಗಿದ್ದಾನೆ," ಎಂದಳು. ಅಂಗಡಿಯ ಅತಿ ದುಬಾರಿ ಮಾಲನ್ನು ಒಂಟಿಯಾಗಿ ಕಳಿಸಲು ಮನಸ್ಸು ಬಾರದೆ ಯಜಮಾನರೂ ಆಂಬುಲೆನ್ಸ್ ಹತ್ತಿದರು. ಸಾಹುಕಾರರನ್ನು ಕ್ಯಾಶಿಯರಮ್ಮನ ಕೈಗೆ ಒಪ್ಪಿಸಿ, ಒಳಗಿದ್ದ ಇನ್ನೊಂದು ಮೇಘರಾಜನ ಮೇಲೆ ಮಲಗಿಸಲು ಹೇಳಿ ಹೋದರು.

ಸಂಜೆ ನಾಲ್ಕಕ್ಕೆ ದಿಂಬಣ್ಣ ಕಣ್ಣು ಬಿಟ್ಟ. ಆಸ್ಪತ್ರೆಯವರು ಅಷ್ಟು ಹೊತ್ತೂ ಅವನ ಉಸಿರು, ನಾಡಿ ನೋಡುತ್ತಾ ಕಾದಿದ್ದರು. ಗಂಡಾಂತರ ಕಳೆದಿತ್ತು, ಹೆಂಡತಿ ಮಾತ್ರ ಬಾಕಿಯಿದ್ದಳು. ಅವಳು ಅರ್ಧ ಗಂಟೆ ಬಿಡುವಿಲ್ಲದೆ ಬೈದಳು. ಆಯಾಸವಾದಾಗ ಔಷಧಿ ಅಂಗಡಿಯಾಕೆ ಮುಂದುವರಿಸಿದಳು. ಆಮೇಲೆ ಇಬ್ಬರೂ ಕಾಫಿ ಕುಡಿದು ಬರಲು ಹೋದರು.

ಯಜಮಾನರು ಹತ್ತಿರ ಬಂದು ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. "ಮುನ್ನೂರು ಕಣೋ! ನೀನು ಮಲಗಿದ್ದಕ್ಕೆ ಮುನ್ನೂರು! ನಾನು ಅಂಗಡಿಗೆ ಹೋಗಿ ಸಹಿ ಹಾಕಿಸ್ಕೊಂಡು, ನಿನ್ನ ಮ್ಯಾನೇಜರ್ ಕಾಗದ ತಗೊಂಡೇ ಬರ್ತೀನಿ."

ದಿಂಬಣ್ಣ ಒಬ್ಬನೇ ಉಳಿದ. ಬೆನ್ನು ಮುಟ್ಟಿ ನೋಡಿಕೊಂಡ; ನೋವಿಲ್ಲ. ಮ್ಯಾನೇಜರ್ ಗತ್ತಿನಲ್ಲಿ ಒಮ್ಮೆ ಕೆಮ್ಮಿದ.

ಪಕ್ಕದ ಪರದೆಯ ಆಚೆಯಿಂದ ನರಳಾಟ ಕೇಳಿಸಿತು. "ಅಯ್ಯಪ್ಪಾ... ಯಾರ್ರೀ ಅಲ್ಲಿ? ನಿಮಗೂ ಬೆನ್ನಾ?"

"ಇತ್ತು. ಹೋಯ್ತು," ಎಂದ ದಿಂಬಣ್ಣ ಗೆದ್ದವನ ದನಿಯಲ್ಲಿ.

"ಪುಣ್ಯವಂತರು. ನಂಗೆ ಇಲ್ಲಿ ಒಂದೇ ಒಂದು ಗುಲಾಬಿ ಮಾತ್ರೆ ಕೊಟ್ಟು ಸುಮ್ನಿರು ಅಂದ್ರು. ನನ್ನ ಡ್ರೈವರ್ ಮನೆಯಿಂದ ಹಳದಿದು ತಂದು ಕೊಟ್ಟಿದ್ದಾನೆ. ಎರಡು ನುಂಗಿಬಿಡ್ತೀನಿ..."

ದಿಂಬಣ್ಣ ದಿಗ್ಗನೆ ತಲೆಯೆತ್ತಿದ. "ಬೇಡಿ! ಬಾಯಿಂದ ತೆಗೀರಿ! ಅದೇ ಇದು, ಇದೇ ಅದು!"

"ಬಣ್ಣ ಬೇರೆ ಇದೆಯಲ್ರೀ?"

"ಅಂಗಿ ಬೇರೆ, ಒಳಗಿರೋ ಆಸಾಮಿ ಒಬ್ನೇ!"

"ಸುಮ್ನಿರಿ. ನೀವೇನು ಡಾಕ್ಟ್ರಾ? ಕೊಡಯ್ಯಾ ನೀರು," ಎಂದು ಆಚೆಯಾತ ಡ್ರೈವರಿಗೆ ಹೇಳಿದ್ದು ಕೇಳಿಸಿತು. ಲೋಟದ ಸದ್ದೂ ಕೇಳಿಸಿತು.

ಒಬ್ಬ ಮನುಷ್ಯ ಪಕ್ಕದಲ್ಲೇ ಕೆಡುತ್ತಿದ್ದ. ದಿಂಬಣ್ಣನಿಗೆ ತಡೆಯಲಾಗಲಿಲ್ಲ. "ಸ್ವಾಮಿ, ನಾನೇ ಸಾಕ್ಷಿ! ಇವತ್ತು ಬೆಳಿಗ್ಗೆ ಅದೇ ಎರಡು ತಿಂದು ಹಾಸಿಗೆ ಅಂಗಡಿ ಕಿಟಕೀಲಿ ಹೆಣದ ಹಾಗೆ ಬಿದ್ದಿದ್ದೋನು ನಾನೇ. ಜನ ಏನಂದ್ಕೊಂಡ್ರು? ಹಾಸಿಗೆ ಮಹಿಮೆ ಅಂದ್ಕೊಂಡ್ರು! ಎಂಥ ಹಾಸಿಗೆ? ಮಾತ್ರೆ ಮಹಿಮೆ! ಮುಳ್ಳಿನ ಬೇಲಿ ಮೇಲೆ ಹಾಕಿದ್ರೂ ಹಾಗೇ ಮಲಗಿರ್ತಿದ್ದೆ. ಒಬ್ಬ ಹೋಟೆಲಿನೋನು ಅಂತೂ ಕಾಲು ಗಂಟೆ ಬಾಯಿ ಬಿಟ್ಕೊಂಡು ನಿಂತಿದ್ನಂತೆ! ಮುನ್ನೂರು ಹಾಸಿಗೆ ಬೇಕು ಅಂದ್ನಂತೆ!" ದಿಂಬಣ್ಣ ಹಾಸಿಗೆ ಅದುರುವಂತೆ ನಕ್ಕ.

ಆಚೆ ಲೋಟ ಕೆಳಗಿಟ್ಟ ಸದ್ದಾಯಿತು. ಪರದೆ ನಿಧಾನವಾಗಿ ಸರಿಯಿತು.

"ಬಾಯಿ ಬಿಟ್ಕೊಂಡು ನಿಂತಿದ್ದೋನು ನಾನೇ," ಎಂದರು ಹೋಟೆಲ್ ಸಾಹುಕಾರರು.

ದಿಂಬಣ್ಣನ ನಗೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಸಾಹುಕಾರರು ಹಳದಿ ಮಾತ್ರೆಯನ್ನು ಡ್ರೈವರ ಕೈಗೆ ಹಿಂತಿರುಗಿಸಿ ಹೇಳತೊಡಗಿದರು. "ನಿಮ್ಮ ಮೇಘರಾಜನ ಮೇಲೆ ಮಲಗಿದೆ ಕಣಯ್ಯಾ. ಒಂದು ನಿಮಿಷಕ್ಕೆ ಸೊಂಟದವರೆಗೆ ಇಳಿದೆ. ಎರಡು ನಿಮಿಷಕ್ಕೆ ಕಿವಿವರೆಗೆ. ಕೂಗಿದ್ರೆ ಸದ್ದೂ ಆಚೆ ಬರ್ಲಿಲ್ಲ. ನಾಲ್ಕು ಜನ ಸೇರಿ ಎಳೆದ್ರು ನೋಡು, ಕಟಕ್ ಅಂತು."

ಅದೇ ಗಳಿಗೆಗೆ ಯಜಮಾನರು ಏದುಸಿರು ಬಿಡುತ್ತಾ ಬಂದರು. ಸಾಹುಕಾರರು ಇಲ್ಲೇ ಇದ್ದಾರೆಂದು ಕ್ಯಾಶಿಯರಮ್ಮ ಹೇಳಿದ್ದರು. ಒಂದು ಕೈಯಲ್ಲಿ ಆರ್ಡರ್ ಕಾಗದ, ಇನ್ನೊಂದರಲ್ಲಿ ಮ್ಯಾನೇಜರ್ ಕಾಗದ. "ಸಾರ್, ಒಂದೇ ಒಂದು ಸಹಿ..."

"ಸಹಿ ಯಾಕ್ರೀ? ಎಲ್ಲಾ ನಿಮ್ಮ ಹುಡುಗನೇ ಹೇಳ್ದ. ಹಾಸಿಗೆ ಅಲ್ಲ, ಮಾತ್ರೆ. ನಂಗೆ ಹೊಸ ಹಾಸಿಗೇನೇ ಬೇಡ. ಇರೋ ಹಳೇ ಮುನ್ನೂರನ್ನೇ ಮಗುಚಿ ಹಾಕಿದ್ರೆ ಇನ್ನೈದು ವರ್ಷ ಬರುತ್ತೆ."

ಯಜಮಾನರು ದಿಂಬಣ್ಣನನ್ನು ನೋಡಿದರು. ಮ್ಯಾನೇಜರ್ ಕಾಗದವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದು ಅವನ ಹೊದಿಕೆಯ ಮೇಲೆ ಹಾಕಿದರು. "ನಾಳೆಯಿಂದ ಬರ್ಬೇಡ," ಎಂದು ಹೇಳಿ ಮೇಘರಾಜನನ್ನು ಹುಡುಕಿಕೊಂಡು ಹೊರಟರು.

"ಬೇಜಾರ್ ಮಾಡ್ಕೋಬೇಡ," ಎಂದರು ಸಾಹುಕಾರರು. "ನನ್ನನ್ನ ಉಳಿಸಿದ್ದೀಯ. ಕೆಲಸ ಹೋದ್ರೂ ಸತ್ಯ ಹೇಳ್ದೆ. ನಿನ್ನಂಥೋರು ನಂಗೆ ಬೇಕು. ನಾಳೆಯಿಂದ ನಮ್ಮ ಹೋಟೆಲಿಗೆ ಬಾ."

ದಿಂಬಣ್ಣನ ಕಣ್ಣು ತುಂಬಿತು. "ಸಾರ್! ಏನ್ ಕೆಲಸ ಸಾರ್?"

"ಹೇಳಿದ್ನಲ್ಲ, ಮುನ್ನೂರು ಹಾಸಿಗೆ ಮಗುಚಬೇಕು. ನೀನು ಒಬ್ಬನೇ ಮಗುಚ್ತೀಯಂತೆ, ನಿಮ್ಮ ಯಜಮಾನ್ರು ಬೆಳಿಗ್ಗೇನೇ ಹೊಗಳಿದ್ರು. ಅದಕ್ಕೇ ಎರಡನೇ ಆಳು ಇಡಲ್ಲ."

ದಿಂಬಣ್ಣ ಅವರ ಕಾಲಿಗೆ ಬಿದ್ದು ಬೇಡವೆನ್ನಲು ಹಾಸಿಗೆಯಿಂದ ಧಡಕ್ಕನೆ ಇಳಿದ. ಬೆನ್ನೊಳಗೆ ಎಲ್ಲೋ 'ಕಟಕ್' ಎಂದಿತು. ಹೊರಗೆ ನಾಯಿಯೊಂದು ಬೊಗಳಿತು.

ಅವನು ಸೊಂಟ ಬಾಗಿ, ಮುಖ ನೆಲಕ್ಕೆ ಮಾಡಿ, ಹರಿದ ಕಾಗದದ ಚೂರುಗಳ ನಡುವೆ ನಿಂತ. ವಾರ್ಡು ಗುಡಿಸಲು ಬಂದ ಆಯಾ ಅವನನ್ನು ನೋಡಿ ಪೊರಕೆ ಪಕ್ಕಕ್ಕಿಟ್ಟು, ತಾನೂ ಮಂಚದ ಕೆಳಗೆ ಬಗ್ಗಿದಳು.

"ಏನ್ ಕಳ್ಕೊಂಡ್ರಿ ಅಣ್ಣಾ?"